ಕೆಂಡದ ಮೇಲಿನ ಮೀನು

(ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಮುನ್ನಾದಿನ, ಜೂನ್ 28ರ ಸಂಜೆ, ಏಕಸಂಬಿ ಭಾಗದ ಕುಟುಂಬಗಳಿಗೆ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ನಾಳೆ ನಾವು ಇಬ್ಬರು ಮಹಾಪ್ರೇಷಿತರ ಹಬ್ಬವನ್ನು ಆಚರಿಸುತ್ತೇವೆ. ಪೌಲರು ಗುಡಾರ ಹೊಲಿಯುವ ಕಸುಬಿನವರು, ಪೇತ್ರರು ಬೆಸ್ತರು. ಕಬ್ಬಿನ ಗದ್ದೆಗಳ ನಡುವೆ, ದೂಧಗಂಗೆಯ ದಂಡೆಯಲ್ಲಿ ವಾಸಿಸುವ ನಮಗೆ ಸಮುದ್ರದ ಬೆಸ್ತರ ಬದುಕು ಸ್ವಲ್ಪ ದೂರದ ಮಾತು. ಘಟ್ಟ ಇಳಿದು ಕಾರವಾರಕ್ಕೋ ಗೋವೆಗೋ ಹೋದರೆ ಮಾತ್ರ ಕಡಲು. ಆದರೂ ಒಂದು ವಿಷಯವನ್ನು ಗಮನಿಸಿ. ಬೆಸ್ತರ ಪಾಲಕರಾದ ಪೇತ್ರರ ಹಬ್ಬ ಬರುವುದು ನಮ್ಮ ಕರಾವಳಿಯ ದೊಡ್ಡ ದೋಣಿಗಳೆಲ್ಲ ಸುಮ್ಮನೆ ನಿಂತಿರುವ ಕಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದ ಕಡಲು ಅಪಾಯಕಾರಿ ಎಂಬುದು ಒಂದು ಕಾರಣ. ಮೀನುಗಳು ಮೊಟ್ಟೆಯಿಟ್ಟು ಮರಿಮಾಡುವ ಕಾಲವಿದು ಎಂಬುದು ಇನ್ನೊಂದು. ಹೀಗಾಗಿ ಈ ಹೊತ್ತಿನಲ್ಲಿ ಮಲ್ಪೆಯಲ್ಲಿ, ಕಾರವಾರದಲ್ಲಿ ಬೆಸ್ತರು ಬಲೆ ಹೆಣೆಯುತ್ತ, ಇಂಜಿನ್ ರಿಪೇರಿ ಮಾಡಿಸುತ್ತ, ಮಕ್ಕಳ ಶಾಲೆಯ ಖರ್ಚಿನ ಚಿಂತೆಯಲ್ಲಿ ದಡದ ಮೇಲಿದ್ದಾರೆ. ಕೈ ಬರಿದಾದ ಬೆಸ್ತರ ಹಬ್ಬ ಇದು.

ಇಂದಿನ ಶುಭಸಂದೇಶದ ಪೇತ್ರರೂ ಬರಿಗೈಯವರೇ. ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯ ನಿಮಗೆ ಗೊತ್ತಿದೆ. ಇಂದು ನಾವು ಓದಿಸಿದ್ದು 15ನೆಯ ವಚನದಿಂದ. ಅದರ ಹಿಂದಿನ ಕಥೆಯಿಲ್ಲದೆ ಇದು ಅರ್ಥವಾಗುವುದಿಲ್ಲ. ಏಳು ಮಂದಿ ಶಿಷ್ಯರು ರಾತ್ರಿಯಿಡೀ ತಿಬೇರಿಯ ಸರೋವರದಲ್ಲಿ ಬಲೆ ಬೀಸಿದರು. ಒಂದು ಮೀನೂ ಇಲ್ಲ. ಬೆಳಗಿನ ಜಾವ ದಡದಲ್ಲಿ ಯಾರೋ ನಿಂತಿದ್ದಾರೆ. ಬಲಗಡೆ ಬಲೆ ಬೀಸುವಂತೆ ಹೇಳುತ್ತಾರೆ, ಬಲೆ ತುಂಬುತ್ತದೆ. ದಡಕ್ಕೆ ಬಂದು ನೋಡಿದರೆ ಕೆಂಡ ಉರಿಯುತ್ತಿದೆ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ.

ಈ ಕೆಂಡದ ಬಗ್ಗೆ ನಾನು ಸ್ವಲ್ಪ ಹೇಳಬೇಕು. ಮೀನು ಸುಟ್ಟು ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತದೆ. ಉರಿಯುವ ಜ್ವಾಲೆಯ ಮೇಲೆ ಮೀನಿಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಕಟ್ಟಿಗೆ ಉರಿದು, ಜ್ವಾಲೆ ಇಳಿದು, ಕೆಂಡದ ಮೇಲೆ ತೆಳ್ಳಗೆ ಬೂದಿ ಹಿಡಿಯುವವರೆಗೆ ಕಾಯಬೇಕು. ಅದಕ್ಕೆ ಬಹಳ ಹೊತ್ತು ಬೇಕು. ಅಂದರೆ ಯೇಸುಸ್ವಾಮಿ ಶಿಷ್ಯರು ದಡ ಮುಟ್ಟಿದ ಮೇಲೆ ಒಲೆ ಹೊತ್ತಿಸಲಿಲ್ಲ. ಅವರಿನ್ನೂ ಕತ್ತಲೆಯಲ್ಲಿ ಬರಿಬಲೆ ಎಳೆಯುತ್ತಿದ್ದಾಗಲೇ ಇವರು ದಡದಲ್ಲಿ ಕೂತು ಕಟ್ಟಿಗೆ ಕೂಡಿಸಿ ಊದುತ್ತಿದ್ದಿರಬೇಕು. ಮರಣವನ್ನು ಗೆದ್ದು ಎದ್ದುಬಂದ ಪ್ರಭು ಮಾಡಿದ ಕೆಲಸ ನೋಡಿ! ಹೆರೋದನ ಅರಮನೆಗೆ ಹೋಗಿ ನಿಲ್ಲಲಿಲ್ಲ. ದಣಿದು ಬರುವವರಿಗಾಗಿ ಬೆಳಗಿನ ಊಟ ಬೇಯಿಸಿದರು. ಅವರ ಬಳಿ ಮೊದಲೇ ಮೀನಿತ್ತು. ಆದರೂ ಶಿಷ್ಯರು ಹಿಡಿದುತಂದ ಮೀನಿನಲ್ಲಿ ಕೆಲವನ್ನು ತರಲು ಹೇಳಿದರು.

ಆ ಮೀನುಗಳ ಲೆಕ್ಕ 153. ಸೆಮಿನರಿಯಲ್ಲಿ ನಮಗೆ ಈ ಸಂಖ್ಯೆಯ ಬಗ್ಗೆ ಬೇಕಾದಷ್ಟು ಪಾಠವಾಗಿತ್ತು. ಆ ಕಾಲದ ಬಲ್ಲವರು ಮೀನಿನಲ್ಲಿ 153 ಜಾತಿಗಳನ್ನು ಎಣಿಸಿದ್ದರು, ಆದ್ದರಿಂದ ಇದು ಎಲ್ಲ ಜನಾಂಗಗಳ ಗುರುತು ಎಂದು ಸಂತ ಜೆರೋಮರ ವಿವರಣೆ. ಒಂದರಿಂದ ಹದಿನೇಳರವರೆಗಿನ ಅಂಕಿಗಳನ್ನು ಕೂಡಿಸಿದರೆ 153 ಆಗುತ್ತದೆ ಎಂದು ಸಂತ ಅಗಸ್ಟೀನರು ತೋರಿಸಿದರು. ಮಕ್ಕಳೇ, ಮನೆಗೆ ಹೋಗಿ ಕೂಡಿಸಿ ನೋಡಿ. ದೊಡ್ಡವರ ಮಾತಿಗೆ ಎದುರಾಡುವಷ್ಟು ಪಂಡಿತ ನಾನಲ್ಲ, ಆದರೆ ಬೆಸ್ತರು ಮೀನು ಎಣಿಸಿದ್ದು ಪಾಲು ಮಾಡಲಿಕ್ಕೆ ಎಂದೇ ನನಗೆ ಅನಿಸುತ್ತದೆ. ಏಳು ಜನರ ದುಡಿಮೆ, ಏಳು ಮನೆಗಳ ಹೊಟ್ಟೆ. ಪಾಲು ಸರಿಯಾಗದಿದ್ದರೆ ಪ್ರೇಷಿತರ ನಡುವೆಯೂ ಜಗಳ ಆಗುತ್ತಿತ್ತು.

ಪಾಲಿನ ಮಾತು ಬಂತು. ನಮ್ಮ ಈ ಭಾಗದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅಣ್ಣ ತಮ್ಮ ಇಬ್ಬರು. ಹೊಲದ ಬಾಂದ ಮತ್ತು ಬಾವಿ ನೀರಿನ ಪಾಳಿಯ ಸಲುವಾಗಿ ಮೂರು ವರ್ಷ ಮಾತಿಲ್ಲ. ಪೂಜೆಗೆ ಬಂದರೆ ಒಬ್ಬರು ಈ ಬದಿಯ ಬೆಂಚು, ಇನ್ನೊಬ್ಬರು ಆ ಬದಿಯ ಬೆಂಚು. ಶಾಂತಿಯ ಸಂಕೇತ ಹಂಚಿಕೊಳ್ಳುವಾಗ ಇಬ್ಬರೂ ನೆಲ ನೋಡುವರು. ಕಳೆದ ಬೇಸಿಗೆ ರಜೆಯಲ್ಲಿ ಅವರ ತಾಯಿ ಹಟ ಹಿಡಿದರು: "ಸಾಯೂದರೊಳಗ ಒಮ್ಮಿ ಸಮುದ್ರ ನೋಡಬೇಕ್ರಪಾ. ಇಬ್ರೂ ಕೂಡಿ ಕರಕೊಂಡ ಹೋಗ್ರಿ." ತಾಯಿಯ ಮಾತು ಮೀರಲಾಗಲಿಲ್ಲ. ಎರಡು ಗಾಡಿ ಮಾಡಿಕೊಂಡು ಹುಬ್ಬಳ್ಳಿ, ಅಂಕೋಲೆ ದಾರಿಯಲ್ಲಿ ಉಡುಪಿಗೆ ಹೋದರು. ಒಂದೇ ಗಾಡಿಯಲ್ಲಿ ಹೋಗುವಷ್ಟು ಮನಸ್ಸು ಆಗಿನ್ನೂ ಇರಲಿಲ್ಲ.

ಉಡುಪಿ ಕಡೆ ನದಿಯ ನಡುವಿನ ನಡುಗಡ್ಡೆಗೆ ಕುದ್ರು ಎನ್ನುತ್ತಾರೆ. ಸ್ವರ್ಣಾ ನದಿ ಕಡಲು ಸೇರುವ ಮೊದಲು ಕಲ್ಯಾಣಪುರದ ಬಳಿ ಅಗಲವಾಗಿ ಹರಡಿಕೊಳ್ಳುತ್ತದೆ. 2012ರಲ್ಲಿ ಉಡುಪಿ ಧರ್ಮಕ್ಷೇತ್ರ ಆದಾಗ ಪ್ರಧಾನಾಲಯವಾದ ಮಿಲಾಗ್ರಿಸ್ ದೇವಾಲಯ ಇರುವುದು ಅದೇ ಕಲ್ಯಾಣಪುರದಲ್ಲಿ. ಆ ಸುತ್ತಿನ ಒಂದು ಕುದ್ರುವಿನಲ್ಲಿ ಇವರು ಎರಡು ದಿನಕ್ಕೆ ಮನೆ ಹಿಡಿದರು. ಮೊದಲ ದಿನ ಬೆಳಿಗ್ಗೆ ಮಲ್ಪೆಯಿಂದ ದೋಣಿ ಹತ್ತಿ ಸಂತ ಮರಿಯಳ ಹೆಸರಿನ ದ್ವೀಪಕ್ಕೆ ಹೋಗಿಬಂದರು. ಯಾರೋ ಕೆತ್ತಿ ನಿಲ್ಲಿಸಿದಂತೆ ಕಾಣುವ, ಲಾವಾರಸ ತಣಿದು ಆದ ಕಲ್ಲುಕಂಬಗಳು ಅಲ್ಲಿವೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ದೇವಮಾತೆಯ ಹೆಸರಿಟ್ಟ ಎಂಬುದು ಪ್ರತೀತಿ. ಆ ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ. ಮರಳಿ ಬರುವಾಗ ಬಂದರಿನಲ್ಲಿ ಮೀನು ಕೊಂಡರು: ಬಂಗುಡೆ, ಬೂತಾಯಿ, ಜೊತೆಗೆ ಒಂದು ಬುಟ್ಟಿ ಮರುವಾಯಿ. ಮೀನು ಮಾರುವ ಅಮ್ಮನೇ ಇವರಿಗೆ ಪಾಠ ಮಾಡಿದರಂತೆ. ಕಣ್ಣು ಮಸುಕಾಗಿರಬಾರದು, ಹೊಳೆಯುತ್ತಿರಬೇಕು. ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳದೆ ಮಾಂಸ ಮೇಲೇಳಬೇಕು.

ಮನೆಗೆ ಬಂದ ಮೇಲೆ ಪ್ರಶ್ನೆ ಎದ್ದಿತು, ಯಾರು ಅಡಿಗೆ ಮಾಡುವುದು? ಹಿರಿಯ ಸೊಸೆ ಸೆರಗು ಕಟ್ಟಲಿಲ್ಲ. "ಇಲ್ಲೂ ನಾವ ಒಲಿ ಮುಂದ ಕುಂತ್ರ ರಜಾ ಯಾರಿಗ್ರಿ?" ಅಂದರು. ಕಿರಿಯ ಸೊಸೆಯೂ ವೈನಿಯ ಪಕ್ಕದಲ್ಲೇ ಹೋಗಿ ಕೂತರು. ಸಹೋದರರೇ, ಇದನ್ನು ನಗುವ ಮಾತೆಂದು ತಿಳಿಯಬೇಡಿ. ಪೇತ್ರರ ಅತ್ತೆ ಜ್ವರದಿಂದ ಎದ್ದ ಕೂಡಲೇ ಎಲ್ಲರಿಗೂ ಬಡಿಸಿದ್ದನ್ನು ಮಾರ್ಕರ ಶುಭಸಂದೇಶದಲ್ಲಿ ಓದಿ ನಾವು ಆಕೆಯ ಸೇವಾಮನೋಭಾವವನ್ನು ಹೊಗಳುತ್ತೇವೆ. ಅದೇ ಪೇತ್ರರಿಗೆ ಪ್ರಭುವೇ ಅಡಿಗೆ ಮಾಡಿ ಬಡಿಸಿದ ಈ ಅಧ್ಯಾಯದ ಬಗ್ಗೆ ಗಂಡಸರಿಗೆ ಯಾರೂ ಪ್ರಬೋಧನೆ ಮಾಡುವುದು ನಾನು ಕೇಳಿಲ್ಲ. ಪ್ರವಾಸ ಎಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಬೇರೆ ಊರಿನ ಒಲೆ, ಅಷ್ಟೆ.

ಹೀಗಾಗಿ ಅಣ್ಣ ತಮ್ಮ ಒಲೆಯ ಮುಂದೆ ಕೂತರು. ಕುದ್ರುವಿನ ಮನೆಯ ಅಜ್ಜಿ ಹೊಸ್ತಿಲಲ್ಲಿ ನಿಂತು ಹೇಳಿಕೊಟ್ಟರು. ಮರುವಾಯಿಯನ್ನು ನೀರಿನಲ್ಲಿ ನೆನೆಸಿಡಬೇಕು, ಹೊಟ್ಟೆಯೊಳಗಿನ ಮರಳು ಬಿಡುತ್ತದೆ. ಬೇಯಿಸಿದಾಗ ತಾನಾಗಿ ಬಾಯಿ ಬಿಟ್ಟದ್ದನ್ನು ತಿನ್ನಬೇಕು, ಬಿಡದ್ದನ್ನು ಎಸೆಯಬೇಕು. ಬಂಗುಡೆಗೆ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನಕಾಯಿ, ಹುಣಸೆಹಣ್ಣು ನುಣ್ಣಗೆ ಅರೆದು, ಮಸಾಲೆ ಮೊದಲು ಮಣ್ಣಿನ ಗಡಿಗೆಯಲ್ಲಿ ಕುದಿಯಬೇಕು, ಆಮೇಲೆ ಮೀನು. ಮೀನು ಬಿದ್ದ ಮೇಲೆ ಸೌಟು ಹಾಕಬಾರದು, ಮುರಿದುಹೋಗುತ್ತದೆ. ಗಡಿಗೆಯನ್ನೇ ಹಿಡಿದು ಮೆಲ್ಲಗೆ ತಿರುಗಿಸಬೇಕು. ಗಡಿಗೆ ದೊಡ್ಡದಿತ್ತು, ಬಿಸಿಯೂ ಇತ್ತು. ಎರಡು ಕೈಗೆ ಅದು ಹಗುರಾಗಲಿಲ್ಲ. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಅರಿವೆ ಸುತ್ತಿ ಹಿಡಿದರು. ಆಗ ಅಣ್ಣ ಕೇಳಿದರಂತೆ: "ಉಪ್ಪ ಹಾಕೀ?" ತಮ್ಮ ಹೇಳಿದರಂತೆ: "ಹಾಕೇನಿ ಅಣ್ಣಾ. ನೀ ಒಮ್ಮಿ ನೋಡು." ಮೂರು ವರ್ಷದ ನಂತರ ಇಬ್ಬರ ನಡುವೆ ಬಂದ ಮೊದಲ ಮಾತು ಉಪ್ಪಿನದು.

ಅಂದು ರಾತ್ರಿ ಹೊಲದ ಮಾತು ಬರಲಿಲ್ಲ. ಅಂಗಳದಲ್ಲಿ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಬೂತಾಯಿ ಸುಟ್ಟು, ಊರಿಂದ ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿಯ ಜೊತೆ ತಿಂದರು. ತಾಯಿ ಮೊಮ್ಮಕ್ಕಳಿಗೆ ಮುಳ್ಳು ಬಿಡಿಸಿ ಕೊಟ್ಟರು. ನಮ್ಮ ಹೊಳೆಯ ಮೀನಿಗಿಂತ ಇದು ರುಚಿಯೋ ಎಂದು ನಾನು ಆಮೇಲೆ ಕೇಳಿದೆ. ನಮ್ಮ ಹೊಳೆಯದೇ ಮೇಲು ಎಂದರು. ತವರಿನ ಅಭಿಮಾನ.

ಇಂದಿನ ಶುಭಸಂದೇಶ ಎಲ್ಲಿ ಶುರುವಾಗುತ್ತದೆ ನೋಡಿ: ಅವರ ಊಟ ಮುಗಿದ ಮೇಲೆ. ಯೊವಾನ್ನರು ಈ ಮಾತನ್ನು ಬೇಕೆಂದೇ ಬರೆದಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಕೆಂಡದ ಬೆಂಕಿಗೆ ಬಳಸಿದ ಗ್ರೀಕ್ ಪದ 'ಆಂಥ್ರಾಕಿಯಾ' ಎರಡೇ ಕಡೆ ಬರುತ್ತದೆ, ಎರಡೂ ಯೊವಾನ್ನರಲ್ಲೇ. ಒಂದು ಇಲ್ಲಿ. ಇನ್ನೊಂದು 18ನೆಯ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ, ಪೇತ್ರರು ಚಳಿ ಕಾಯಿಸಿಕೊಳ್ಳುತ್ತ ತಾನು ಆತನ ಶಿಷ್ಯನಲ್ಲ ಎಂದು ನಿರಾಕರಿಸಿದ ಕಡೆ. ದಡದಲ್ಲಿ ಆ ಕೆಂಡದ ಹೊಗೆ ಮೂಗಿಗೆ ಬಡಿದಾಗ ಪೇತ್ರರಿಗೆ ಏನನಿಸಿರಬೇಕು! ಪ್ರಭು ಆಗಲೇ ಕೇಳಬಹುದಾಗಿತ್ತು. ಒದ್ದೆ ಬಟ್ಟೆಯಲ್ಲಿ, ಹಸಿದು, ನಡುಗುತ್ತ ನಿಂತಿದ್ದ ಮನುಷ್ಯನನ್ನು ಅವರು ವಿಚಾರಣೆ ಮಾಡಲಿಲ್ಲ. ಮೊದಲು ಉಣಿಸಿದರು.

ಆದರೆ ಉಣಿಸಿ ಸುಮ್ಮನಾಗಲೂ ಇಲ್ಲ. ಇದನ್ನು ನಾವು ಮರೆಯುತ್ತೇವೆ. ಹಬ್ಬಕ್ಕೆ ಕೂಡಿ ಉಂಡರೆ ಎಲ್ಲ ಸರಿಹೋಯಿತು ಎಂದುಕೊಂಡು, ಒಳಗಿನ ಗಾಯದ ಮೇಲೆ ಪಾಯಸ ಸುರಿದು ಎದ್ದುಹೋಗುವ ಕುಟುಂಬಗಳು ಎಷ್ಟಿಲ್ಲ? ಪ್ರಭು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರರಿಗೆ ನೋವಾಯಿತು. ನೋವಾದರೂ ಕೇಳಿದರು, ಏಕೆಂದರೆ ನಿರಾಕರಣೆಯೂ ಮೂರು ಸಲ ಆಗಿತ್ತು. ಪ್ರತಿ ಉತ್ತರಕ್ಕೂ ಒಂದು ಕೆಲಸ ಒಪ್ಪಿಸಿದರು, ಕುರಿಗಳನ್ನು ಕಾಯುವ, ಮೇಯಿಸುವ ಕೆಲಸ. ಉಂಡವನು ಇನ್ನು ಉಣಿಸಬೇಕು.

ಆ ಸಹೋದರರದೂ ಮರುದಿನ ರಾತ್ರಿ ಮಾತಾಯಿತು. ಸುಲಭವಾಗಿ ಆಗಲಿಲ್ಲ. ಅಣ್ಣ ನಡುವೆ ಎದ್ದು ಹೊಳೆಯ ಕಡೆ ಹೋಗಿಬಿಟ್ಟರು, ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ಬಾವಿಯ ಪಾಳಿ ದಿನ ಬಿಟ್ಟು ದಿನ ಎಂದು ನಿಶ್ಚಯವಾಯಿತು. ಬಾಂದದ ಪ್ರಕರಣ ಇನ್ನೂ ಕಚೇರಿಯಲ್ಲಿದೆ. ಆದರೆ ತಾರೀಖು ಬಿದ್ದ ದಿನ ಇಬ್ಬರೂ ಒಂದೇ ಮೋಟಾರ್ ಸೈಕಲ್ ಮೇಲೆ ಹೋಗುತ್ತಾರೆ.

ಇನ್ನೊಂದು ಮಾತು. ನಾವು ರಜೆಯಲ್ಲಿ ಹೋಗಿ ತಾಜಾ ಮೀನು ಎಂದು ಚಪ್ಪರಿಸುವಾಗ ಅದರ ಹಿಂದಿನ ರಾತ್ರಿ ಯಾರದು? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ತಿಬೇರಿಯ ಸರೋವರದ ದೋಣಿಯಲ್ಲೂ ಏಳೇ ಮಂದಿ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿತು. ಆ ಏಳು ಮಂದಿ ಮನೆಗೆ ಮರಳಲಿಲ್ಲ. ಉಡುಪಿ, ಉತ್ತರ ಕನ್ನಡದ ಆ ಮನೆಗಳಲ್ಲಿ ಐದು ತಿಂಗಳು ಕಾದ ತಾಯಂದಿರನ್ನು, ಹೆಂಡಂದಿರನ್ನು ನೆನೆಯಿರಿ. ಕುದ್ರುಗಳ ಪಾಡೂ ಹಾಗೆಯೇ. ಮಂಗಳೂರಿನ ಬಳಿ ನೇತ್ರಾವತಿಯ ನಡುವೆ ಪಾವೂರು ಉಳಿಯ ಎಂಬ ಕುದ್ರುವಿದೆ. ಅಲ್ಲಿರುವುದು ನಮ್ಮ ಕಥೋಲಿಕ ಕುಟುಂಬಗಳೇ. ಸುತ್ತ ಮರಳು ತೆಗೆದು ತೆಗೆದು ದಡ ಕುಸಿದು ಅವರ ನೆಲ ನದಿಪಾಲಾಗುತ್ತ ಬಂದಿದೆ. ದಾಟಲು ಬೇಸಿಗೆಯಲ್ಲಿ ತಾವೇ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಂಡವರು ಅವರು. 2005ರಲ್ಲಿ, 2019ರಲ್ಲಿ ಹೊಳೆ ಉಕ್ಕಿ ಸೇತುವೆ ಮುಳುಗಿ ದಾರಿ ಕಾಣದೆ ನಿಂತ ನಮಗೆ ಅವರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಸೃಷ್ಟಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಮರಿಮೀನು ಕೇಳಿ ಕೊಳ್ಳುವವರು ಇರುವವರೆಗೆ ಸಣ್ಣ ಕಣ್ಣಿನ ಬಲೆ ಬೀಸುವವರೂ ಇರುತ್ತಾರೆ. ಮುಂದಿನ ಬೇಸಿಗೆಯಲ್ಲಿ ಕರಾವಳಿಗೆ ಹೋಗುವವರು ಇಷ್ಟನ್ನಾದರೂ ನೋಡಿ ಕೊಳ್ಳಿರಿ.

ಇಂದಿನ ಕಾಣಿಕೆಯಲ್ಲಿ ಒಂದು ಭಾಗ ಕರಾವಳಿಯ ಬೆಸ್ತ ಕುಟುಂಬಗಳ ಮಕ್ಕಳ ಶಾಲೆಯ ಖರ್ಚಿಗೆ ಹೋಗುತ್ತದೆ. ಪೂಜೆಯ ನಂತರ ಎಲ್ಲರಿಗೂ ಇಲ್ಲಿಯೇ ಊಟವಿದೆ. ದೋಣಿಗಳು ದಡದಲ್ಲಿರುವ ಕಾಲವಾದ್ದರಿಂದ ಇಂದು ತಾಜಾ ಬಂಗುಡೆ ಇಲ್ಲ. ಒಣಮೀನಿನ ಚಟ್ನಿ, ರೊಟ್ಟಿ, ಅನ್ನ, ಬೇಳೆ ಸಾರು. ಮಧ್ಯಾಹ್ನದಿಂದ ಅಡಿಗೆ ಮಾಡಿದವರು, ಈಗ ಬಡಿಸುವವರು ನಮ್ಮ ಪಾಲನಾ ಸಮಿತಿಯ ಗಂಡಸರು. ತಾಯಂದಿರು, ಅಕ್ಕತಂಗಿಯರು ಮೊದಲ ಪಂಕ್ತಿಯಲ್ಲಿ ಕೂಡಬೇಕೆಂದು ವಿನಂತಿ. ಉಪ್ಪು ಕಡಿಮೆಯಿದ್ದರೆ ಅವರನ್ನೇ ಕೇಳಿ.