ಗುಳಿಗೆ ಮೈಗೆ ಒಗ್ಗದಿದ್ದಾಗ

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ಚರ್ಮರೋಗ ವೈದ್ಯರು ನೀಡಿದ ಉಪನ್ಯಾಸ)

ಚಿಕಿತ್ಸೆಗೆ ಬಂದವರಿಗಿಂತ ಅವರ ಸಂಗಡ ಬಂದ ತಾಯಂದಿರು, ಅಣ್ಣತಮ್ಮಂದಿರು ಈ ಮಾತನ್ನು ಹೆಚ್ಚು ಗಮನವಿಟ್ಟು ಕೇಳಬೇಕು. ರೋಗಿಯ ಮೈಮೇಲೆ ಏನೆದ್ದಿದೆ ಎಂದು ಮೊದಲು ನೋಡುವವರು ನೀವೇ.

ಗುಳಿಗೆ ನುಂಗಿದ ಮೇಲೆ ಮೈಮೇಲೆ ಏನಾದರೂ ಎದ್ದರೆ ನಮ್ಮಲ್ಲಿ ಎರಡೇ ಮಾತು. ಒಂದು, "ಗುಳಿಗೆ ಹೀಟಾಗಿದೆ, ಮಜ್ಜಿಗೆ ಕುಡಿ." ಇನ್ನೊಂದು, "ಅಮ್ಮ ಬಂದಿದ್ದಾಳೆ, ಬೇವಿನ ಸೊಪ್ಪು ಹಾಸಿ ಮಲಗಿಸು." ಔಷಧಿಯಿಂದ ಏಳುವ ದದ್ದು ಬಹುಪಾಲು ಸಾಧಾರಣವಾದದ್ದೇ. ಪಿತ್ತದ ಗಂಧೆಯಾದರೆ ತುರಿಸುತ್ತದೆ, ಒಂದೆಡೆ ಎದ್ದದ್ದು ದಿನದೊಳಗೆ ಅಡಗಿ ಇನ್ನೊಂದೆಡೆ ಏಳುತ್ತದೆ. (ತುಟಿ ನಾಲಿಗೆ ಊದಿ ಉಸಿರು ಕಟ್ಟಿದರೆ ಮಾತ್ರ ಅದೂ ತುರ್ತೇ.)

ನಾನು ಹೇಳಬೇಕೆಂದಿರುವುದು ಬೇರೆಯ ಕಾಯಿಲೆ. 1922ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ವೈದ್ಯರು ಇಬ್ಬರು ಬಾಲಕರಲ್ಲಿ ಇದನ್ನು ಕಂಡು ಬರೆದರು. ಅವರ ಹೆಸರೇ ರೋಗಕ್ಕೆ ಉಳಿಯಿತು. ಇದರಲ್ಲಿ ದೇಹದ ರಕ್ಷಣಾ ಕಣಗಳೇ ಔಷಧಿಯ ಕಾರಣದಿಂದ ತನ್ನ ಚರ್ಮವನ್ನು ಕೊಲ್ಲತೊಡಗುತ್ತವೆ. ಮೇಲ್ಪದರ ಸುಟ್ಟ ಗಾಯದಂತೆ ಕಳಚಿ ಬರುತ್ತದೆ. ರೋಗಿಯ ಅಂಗೈ, ಬೆರಳು ಸೇರಿ, ಮೈಯ ನೂರರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಅಂಥ ಮೂವತ್ತು ಅಂಗೈಗಿಂತ ಹೆಚ್ಚು ಚರ್ಮ ಸುಲಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ನಾವು ಕಳೆದುಕೊಳ್ಳುತ್ತೇವೆ. ಅಪರೂಪದ ಕಾಯಿಲೆ ನಿಜ, ಬಂದವರಿಗೆ ಅಪರೂಪವೆಂಬುದರಿಂದ ಏನೂ ಸಮಾಧಾನವಿಲ್ಲ.

ಇದು ಗುಳಿಗೆ ಶುರು ಮಾಡಿದ ದಿನವೇ ಬರುವುದಿಲ್ಲ. ಸಾಮಾನ್ಯವಾಗಿ 4ರಿಂದ 28 ದಿನಗಳ ಒಳಗೆ ಬರುತ್ತದೆ. ಆದ್ದರಿಂದಲೇ "ಹದಿನೈದು ದಿನ ಏನೂ ಆಗಲಿಲ್ಲವಲ್ಲ" ಎಂದು ಜನ ಗುಳಿಗೆಯನ್ನು ಅನುಮಾನಿಸುವುದೇ ಇಲ್ಲ. ಮೊದಲು ಜ್ವರ, ಗಂಟಲು ನೋವು, ಕಣ್ಣುರಿ. ಆಮೇಲೆ ಮೈಮೇಲೆ ಕೆಂಪು ಅಥವಾ ಕಪ್ಪುಛಾಯೆಯ ಮಚ್ಚೆ; ನಮ್ಮ ಮೈಬಣ್ಣಕ್ಕೆ ಕೆಂಪು ಎದ್ದು ಕಾಣುವುದಿಲ್ಲ. ತುರಿಕೆಗಿಂತ ನೋವೇ ಹೆಚ್ಚು. ಬಾಯಲ್ಲಿ ಹುಣ್ಣು, ತುಟಿಯ ಮೇಲೆ ರಕ್ತದ ಹಕ್ಕಳೆ, ಮೂತ್ರಕ್ಕೆ ಹೋದಾಗ ಉರಿ, ನೀರು ತುಂಬಿದ ಗುಳ್ಳೆ.

ಹೆಚ್ಚಾಗಿ ಕಾರಣವಾಗುವವು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್, ಲ್ಯಾಮೊಟ್ರಿಜಿನ್; ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್; ಸಲ್ಫಾ ಗುಳಿಗೆಗಳು; ಕೆಲವು ನೋವಿನ ಗುಳಿಗೆಗಳು. ಇವು ಲಕ್ಷಾಂತರ ಜನರಿಗೆ ಉಪಕಾರ ಮಾಡಿದ ಔಷಧಿಗಳೇ. ಹೆದರಿ ಇವತ್ತೇ ಬಿಟ್ಟುಬಿಡಬೇಡಿ.

ಕ್ಯಾನ್ಸರ್ ರೋಗಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜೆಫಿಟಿನಿಬ್, ಎರ್ಲೊಟಿನಿಬ್ ತೆಗೆದುಕೊಳ್ಳುವವರಿಗೆ ಮುಖ, ಎದೆಯ ಮೇಲೆ ಮೊಡವೆಯಂತೆ ಏಳುತ್ತದೆ. ಅದು ಅಲರ್ಜಿಯಲ್ಲ, ಮುಲಾಮು ಹಚ್ಚಿಕೊಂಡು ಸಾಮಾನ್ಯವಾಗಿ ಚಿಕಿತ್ಸೆ ಮುಂದುವರಿಸಬಹುದು. ಕೆಪೆಸಿಟಬಿನ್‌ನಿಂದ ಅಂಗೈ, ಅಂಗಾಲು ಉರಿದು ಸುಲಿಯುತ್ತದೆ. ಬೇಗ ಹೇಳಿದರೆ ಪ್ರಮಾಣ ತಗ್ಗಿಸಿಯೋ ಕೆಲವು ದಿನ ತಡೆದೋ ಸರಿಮಾಡುತ್ತಾರೆ. ನಿವೊಲುಮಾಬ್, ಪೆಂಬ್ರೊಲಿಜುಮಾಬ್‌ನಂತಹ ಹೊಸ ಇಂಜೆಕ್ಷನ್‌ಗಳಿಂದ ಮಾತ್ರ ಮೈ ಸುಲಿಯುವ ಕಾಯಿಲೆ ತಿಂಗಳುಗಳ ನಂತರವೂ, ಅಪರೂಪಕ್ಕೆ, ಬರಬಹುದು. ಇನ್ನೊಂದು ಮಾತು: ಕ್ಯಾನ್ಸರ್ ರೋಗಿಗೆ ಅಪಾಯ ತಂದದ್ದು ಕ್ಯಾನ್ಸರ್ ಔಷಧಿಯೇ ಆಗಬೇಕಿಲ್ಲ, ಅದರ ಜೊತೆಗೆ ಬರೆದ ಸಣ್ಣ ಗುಳಿಗೆಯಾಗಿರಬಹುದು.

ನಾನು ನೋಡಿದ ಒಬ್ಬ ರೈತರಿಗೆ ಮಿದುಳಿನ ಗಡ್ಡೆಯ ಆಪರೇಷನ್ ಆಗಿತ್ತು. ಫಿಟ್ಸ್ ಬಾರದಿರಲೆಂದು ಫೆನಿಟಾಯಿನ್ ಕೊಟ್ಟಿದ್ದರು, ತಲೆಗೆ ಕರೆಂಟ್ ಕೊಡಿಸುತ್ತಿದ್ದರು. ಮೂರನೆಯ ವಾರ ತಲೆಯ ಮೇಲೆ ಮಚ್ಚೆ ಎದ್ದವು. "ಕರೆಂಟಿನ ಕಾವು" ಎಂದುಕೊಂಡು ಮಜ್ಜಿಗೆ ಕುಡಿಸಿ ಗುಳಿಗೆ ಮುಂದುವರಿಸಿದರು. ನಾಲ್ಕನೆಯ ದಿನ ಇಲ್ಲಿಗೆ ಕರೆತಂದಾಗ ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು ಬರುತ್ತಿತ್ತು. ಅವರ ಹೆಂಡತಿ ಮೊದಲ ದಿನವೇ ಬಾಯಿಹುಣ್ಣು ನೋಡಿದ್ದರಂತೆ. "ಹೇಳಿದರೆ ಕರೆಂಟ್ ನಿಲ್ಲಿಸಿಬಿಡುತ್ತಾರೆ ಅಂತ ಸುಮ್ಮನಿದ್ದೆ ಸರ್" ಅಂದರು. ಆ ತಾಯಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ರೋಗಿ ಉಳಿದರು, ಆದರೆ ಚಿಕಿತ್ಸೆ ವಾರಗಟ್ಟಲೆ ನಿಂತಿತು, ಕಣ್ಣಿಗೆ ಇಂದಿಗೂ ದಿನಾ ಹನಿ ಬೇಕು. ಅವರು ಮೊದಲ ದಿನವೇ ಬಂದಿದ್ದರೆ ಫೆನಿಟಾಯಿನ್ ಬದಲು ಬೇರೆ ಜಾತಿಯ ಗುಳಿಗೆ ಕೊಡುತ್ತಿದ್ದೆವು, ಅಷ್ಟೆ.

ಲಕ್ಷಣ ಕಂಡರೆ ಮುಂದಿನ ಗುಳಿಗೆ ನುಂಗುವ ಮೊದಲೇ ಆಸ್ಪತ್ರೆಗೆ ಬನ್ನಿ, ರಾತ್ರಿಯಾದರೂ ಸರಿ. ಫಿಟ್ಸ್ ಗುಳಿಗೆಯಾದರೆ ಒಂದು ಗಂಟೆಯೂ ತಡ ಬೇಡ, ಬದಲಿ ಗುಳಿಗೆ ಇಲ್ಲದೆ ಬಿಟ್ಟರೆ ಫಿಟ್ಸ್ ಬರಬಹುದು. ಅರಿಶಿನ, ಸುಣ್ಣ, ಟೂತ್‌ಪೇಸ್ಟ್ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ, ತೊಳೆದ ಹತ್ತಿಬಟ್ಟೆ ಹೊದಿಸಿ. ವಾರ್ಡಿನಲ್ಲಿ ಬಾಳೆ ಎಲೆಯ ಮೇಲೆ ಮಲಗಿಸಿದರೆ ಗಾಬರಿಯಾಗಬೇಡಿ, ಹಸಿಮೈಗೆ ಅದು ಅಂಟುವುದಿಲ್ಲ. ಕಣ್ಣಿನ ವೈದ್ಯರು ಮೊದಲ ದಿನದಿಂದಲೇ ನೋಡಬೇಕು, ಇಲ್ಲವಾದರೆ ರೆಪ್ಪೆ ಗುಡ್ಡೆಗೆ ಅಂಟಿಕೊಳ್ಳುತ್ತದೆ.

ಒಮ್ಮೆ ಹೀಗಾದವರು ಆ ಔಷಧಿಯನ್ನು ಜನ್ಮದಲ್ಲಿ ಮತ್ತೆ ಮುಟ್ಟಬಾರದು. ಅದೇ ಔಷಧಿ ಅಂಗಡಿಯಲ್ಲಿ ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಇರುತ್ತದೆ, ಆದ್ದರಿಂದ ಮೂಲ ಹೆಸರನ್ನೇ ಚೀಟಿಯಲ್ಲಿ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಿ. ಕೆಲವರಲ್ಲಿ ಇದು ರಕ್ತಸಂಬಂಧದಲ್ಲೇ ಇರುತ್ತದೆ. ಔಷಧಿಯ ತೊಂದರೆಯನ್ನು ಸರ್ಕಾರಕ್ಕೆ ರೋಗಿಗಳೇ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿಯೂ ಇದೆ.

ಚೀಟಿ ಇಲ್ಲದವರು ನುಂಗಿದ ಗುಳಿಗೆಯ ಖಾಲಿ ಪಟ್ಟಿಗಳನ್ನೇ ತನ್ನಿ. ಓದಿ, ನಾನೇ ಬರೆದುಕೊಡುತ್ತೇನೆ.