ಬೆಟ್ಟ ಇಳಿದು ಬಯಲಿಗೆ ಬಂದ ಹಿಮ



ನಮ್ಮ ಹೊಳೆಯಲ್ಲಿ ನೀರು ಹರಿಯುತ್ತೆ. ಹಿಮನದಿಯಲ್ಲಿ ಗಟ್ಟಿ ಮಂಜುಗಡ್ಡೆಯೇ ಹರಿಯುತ್ತೆ. ಗಡ್ಡೆ ಎಲ್ಲಾದರೂ ಹರಿಯುತ್ತಾ ಅಂತ ಕೇಳ್ತೀರಾ? ಮೊದಲ ಸಲ ಓದಿದಾಗ ನಾವೂ ಹಾಗೇ ಕೇಳಿದೆವು. ಹೌದು, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರುತ್ತೆ. ಆದರೆ ನಿಂತು ನೋಡಿದರೆ ಕಾಣೋದಿಲ್ಲ.

ಅಂಥ ಒಂದು ಹಿಮನದಿ ಅಮೆರಿಕ ದೇಶದ ಅಲಾಸ್ಕಾದಲ್ಲಿದೆ. ಅಲ್ಲಿ ಸೇಂಟ್ ಇಲಿಯಾಸ್ ಎಂಬ ಎತ್ತರದ ಪರ್ವತಗಳಿವೆ. ಬಿದ್ದ ಹಿಮ ಕರಗುವ ಮೊದಲೇ ಮತ್ತೆ ಹಿಮ ಬೀಳುತ್ತೆ. ವರ್ಷ ವರ್ಷ ಒತ್ತಿ ಒತ್ತಿ ಗಡ್ಡೆ ಕಟ್ಟುತ್ತೆ. ಆ ಗಡ್ಡೆ ಕಣಿವೆಯಲ್ಲಿ ಇಳಿಯುತ್ತೆ. ಬಯಲು ಸಿಕ್ಕಿದ ಕೂಡಲೇ, ಕಾವಲಿ ಮೇಲಿನ ದೋಸೆ ಹಿಟ್ಟಿನ ಹಾಗೆ ಅಗಲವಾಗಿ ಹರಡುತ್ತೆ.

ಬೆಟ್ಟದ ಬುಡದಲ್ಲಿ ಹೀಗೆ ಹರಡಿದ ಹಿಮನದಿಗಳಲ್ಲಿ ಇದೇ ಲೋಕಕ್ಕೆಲ್ಲ ದೊಡ್ಡದು. ಅಗಲ ಸುಮಾರು 65 ಕಿಲೋಮೀಟರ್. ಕೆಲವು ಕಡೆ ದಪ್ಪ 600 ಮೀಟರ್. ಅಂದರೆ ಒಂದರ ಮೇಲೊಂದು 30 ತೆಂಗಿನ ಮರ ನಿಲ್ಲಿಸಿದಷ್ಟು! ಅಂಚಿನಲ್ಲಿ ಗಡ್ಡೆಯ ಮೇಲೆ ಕಲ್ಲು ಮಣ್ಣು ಕೂತಿದೆ. ಅದರಲ್ಲಿ ಮರಗಳು ಬೆಳೆದಿವೆ. ಮೇಲೆ ಕಾಡು, ಕೆಳಗೆ ಮಂಜುಗಡ್ಡೆ.

ಇದಕ್ಕೆ ಎರಡು ಹೆಸರು. ಅಲ್ಲಿನ ಮೂಲ ಜನರಾದ ಟ್ಲಿಂಗಿಟರು ಇದನ್ನು ಸಿಟ್ ಟ್ಲೇನ್ ಅಂತಾರೆ. ದೊಡ್ಡ ಹಿಮನದಿ ಅಂತ ಅರ್ಥ. 1791ರಲ್ಲಿ ಮಲಸ್ಪೀನಾ ಎಂಬ ನಾವಿಕ ಸ್ಪೇನ್ ದೇಶದ ಹಡಗಿನಲ್ಲಿ ಆ ಕರಾವಳಿಗೆ ಬಂದ. ಮುಂದೆ ನಕ್ಷೆ ಬರೆದವರು ಅವನ ಹೆಸರನ್ನೇ ಇಟ್ಟರು. ಬರೆದ ಹೆಸರು ದೇಶ ದೇಶಕ್ಕೆ ಹೋಯಿತು. ಬಾಯಲ್ಲಿದ್ದ ಹೆಸರು ಅಲ್ಲೇ ಉಳಿಯಿತು. ಈಗ ಅನೇಕ ವಿಜ್ಞಾನಿಗಳು ಎರಡೂ ಹೆಸರು ಬರೀತಾರೆ.

ಭೂಮಿ ಬಿಸಿಯಾಗ್ತಾ ಇದೆ. ಈ ಹಿಮನದಿ ತೆಳ್ಳಗಾಗ್ತಾ ಇದೆ. ಅದರ ತಳ ಬಹಳ ಕಡೆ ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಸಮುದ್ರಕ್ಕೂ ಅದಕ್ಕೂ ನಡುವೆ ಕಿರಿದಾದ ಕಲ್ಲು ಮರಳಿನ ದಂಡೆ ಇದೆ. ದಂಡೆ ಒಡೆದರೆ ಉಪ್ಪುನೀರು ಒಳಗೆ ನುಗ್ಗುತ್ತೆ. ಗಡ್ಡೆ ಇನ್ನೂ ಬೇಗ ಕರಗುತ್ತೆ. ಕರಗಿದ ನೀರು ಸಮುದ್ರಕ್ಕೇ ಸೇರುತ್ತೆ. ಸಮುದ್ರಗಳೆಲ್ಲ ಒಂದಕ್ಕೊಂದು ಕೂಡಿವೆ. ಲೋಕದ ಹಿಮನದಿಗಳು ಹೀಗೆ ಕರಗುತ್ತಾ ಹೋದರೆ ನಮ್ಮ ಕಾರವಾರದ ಕಡಲೂ ಏರುತ್ತೆ.

ಇಂದು ಮನೆಗೆ ಹೋಗಿ ಮಕ್ಕಳ ಪುಸ್ತಕದ ಭೂಪಟ ತೆರೆಯಿರಿ. ಅಲಾಸ್ಕಾ ಎಲ್ಲಿ, ಕಾರವಾರ ಎಲ್ಲಿ, ಬೆರಳಿಟ್ಟು ಓದಿ. ಆಮೇಲೆ ನಿಮ್ಮೂರಿನ ಕೆರೆ, ಹಳ್ಳ, ಗುಡ್ಡದ ಹೆಸರುಗಳನ್ನು ನಿಮ್ಮ ಕೈಯಾರೆ ಬರೆಯಿರಿ. ನಿಮಗೆ ಗೊತ್ತಿರುವ ಹೆಸರನ್ನು ಬೇರೆಯವರು ಬರೆಯಲಿ ಅಂತ ಕಾಯಬೇಡಿ.