ವಿರಾರ್ ಲೋಕಲ್ ದಾಟುವ ಎರಡು ಗಡಿಗಳು

ಚರ್ಚ್‌ಗೇಟಿನಲ್ಲಿ ವಿರಾರ್ ಲೋಕಲ್ ಹತ್ತಿದವರು ವಸಾಯಿ ರೋಡ್ ತಲುಪುವಷ್ಟರಲ್ಲಿ ಎರಡು ಹಳೆಯ ಸರಹದ್ದುಗಳನ್ನು ದಾಟಿರುತ್ತಾರೆ. ಮೊದಲನೆಯದು ಮಾಹಿಮ್ ಮತ್ತು ಬಾಂದ್ರಾ ನಡುವಿನ ಖಾಡಿ; ಅದು ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಎರಡನೆಯದು ಭಾಯಂದರ್ ದಾಟಿದ ಮೇಲೆ ಸಿಗುವ ವಿಶಾಲವಾದ ವಸಾಯಿ ಖಾಡಿ. ಅದರ ಆಚೆ ದಂಡೆಯ ಕೋಟೆಯನ್ನು ನೋಡಿಬರಲು ಒಂದು ರಜಾದಿನ ಸಾಕು. ಆದರೆ ಕಥೆ ಮಾತ್ರ ಐದು ಶತಮಾನದ್ದು.

ನಿಜ ಹೇಳಬೇಕೆಂದರೆ ಅದಕ್ಕೂ ಹಿಂದಿನದು. ದಾರಿಯಲ್ಲಿ ಬರುವ ಬೊರಿವಲಿಯ ಕಾಡಿನೊಳಗೆ ಕಾನ್ಹೇರಿ ಗುಹೆಗಳಿವೆ. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳು ಉತ್ತರ ಕೊಂಕಣದ ಶಿಲಾಹಾರರ ಒಡೆಯನೆಂದು ರಾಷ್ಟ್ರಕೂಟ ಅಮೋಘವರ್ಷನನ್ನು ಹೆಸರಿಸುತ್ತವೆ. ನಮ್ಮ ನೃಪತುಂಗನೇ. ಆಗ ಈ ಖಾಡಿಗಳು ಯಾವ ಗಡಿಯೂ ಆಗಿರಲಿಲ್ಲ, ಎರಡೂ ದಂಡೆ ಒಂದೇ ಆಳ್ವಿಕೆಯಲ್ಲಿದ್ದವು.

ಗೆರೆ ಬೀಳಲು ಶುರುವಾದದ್ದು 1534ರ ಡಿಸೆಂಬರಿನಲ್ಲಿ. ಗುಜರಾತಿನ ಸುಲ್ತಾನ ಬಹಾದುರ್ ಷಾನಿಗೆ ಉತ್ತರದಿಂದ ಮೊಗಲ್ ಹುಮಾಯೂನನ ಭಯ, ಕಡಲಿನ ಕಡೆಯಿಂದ ಪೋರ್ಚುಗೀಸರ ಕಾಟ. ಒಂದು ಕಡೆಯನ್ನಾದರೂ ಸುಮ್ಮನಿರಿಸೋಣವೆಂದು ಅವನು ಪೋರ್ಚುಗೀಸ್ ಗವರ್ನರ್ ನುನೋ ದ ಕುನ್ಹಾನಿಗೆ ವಸಾಯಿಯನ್ನು ಬಿಟ್ಟುಕೊಟ್ಟ. ಅದರ ಜೊತೆಯಲ್ಲಿ ಈ ಎರಡು ಖಾಡಿಗಳ ನಡುವಿನ ಸಾಷ್ಟಿ ದ್ವೀಪವೂ ಮುಂಬಯಿಯ ಸಣ್ಣ ದ್ವೀಪಗಳೂ ಹೋದವು. ಅಂದರೆ ಈ ವ್ಯವಹಾರದಲ್ಲಿ ಬೆಲೆಯಿದ್ದದ್ದು ವಸಾಯಿಗೆ, ಮುಂಬಯಿ ಕೊಸರು. ಮೂರು ವರ್ಷ ಕಳೆಯುವುದರೊಳಗೆ ದೀವ್ ಬಳಿ ಪೋರ್ಚುಗೀಸರ ಜೊತೆಗಿನ ಜಟಾಪಟಿಯಲ್ಲೇ ಸುಲ್ತಾನ ಸತ್ತ.

ಪೋರ್ಚುಗೀಸರು ಇಲ್ಲಿ ಹತ್ತು ಬುರುಜುಗಳ ಕಲ್ಲುಕೋಟೆ ಕಟ್ಟಿ, ವಸಾಯಿಯನ್ನು ತಮ್ಮ ಉತ್ತರ ಪ್ರಾಂತ್ಯದ ರಾಜಧಾನಿ ಮಾಡಿಕೊಂಡರು. ಇಂದು ಹೋದರೆ ಕಡಲ ಬಾಗಿಲು, ನೆಲದ ಬಾಗಿಲು ಎರಡನ್ನೂ ನೋಡಬಹುದು. ಒಳಗೆ ಜೆಸುಯಿಟ್, ಡೊಮಿನಿಕನ್, ಫ್ರಾನ್ಸಿಸ್ಕನ್ ಪಂಥಗಳ ಇಗರ್ಜಿಗಳು ಮಾಡಿಲ್ಲದೆ ನಿಂತಿವೆ. ಫ್ರಾನ್ಸಿಸ್ಕನ್ ಇಗರ್ಜಿಯ ನೆಲದಲ್ಲಿ ಅಕ್ಷರ ಕೆತ್ತಿದ ಸಮಾಧಿ ಕಲ್ಲುಗಳಿವೆ, ನೋಡಿ ಕಾಲಿಡಿ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆ ಆ ಚಿಂತೆಯಿಲ್ಲ. 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿದ, ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲು ಸಂತಪದವಿ ಪಡೆದ ಗೊನ್ಸಾಲೋ ಗಾರ್ಸಿಯಾ ಈ ಊರಿನವನು.

ಮಾಹಿಮ್ ಖಾಡಿ ಗಡಿಯಾದದ್ದು ಒಂದು ಮದುವೆಯಿಂದ. ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರಿನ್ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನ ಕೈಹಿಡಿಯುವಾಗ, 1661ರ ಒಪ್ಪಂದದಂತೆ ಮುಂಬಯಿ ವರದಕ್ಷಿಣೆಯಾಯಿತು. ದ್ವೀಪ ಇಂಗ್ಲಿಷರ ಕೈಗೆ ಸಿಕ್ಕಿದ್ದು 1665ರಲ್ಲಿ. ಮೂರು ವರ್ಷಕ್ಕೆ ರಾಜ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಗೇಣಿಯ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಬಾಂದ್ರಾ, ಠಾಣೆ, ವಸಾಯಿ ಮಾತ್ರ ಪೋರ್ಚುಗೀಸರಲ್ಲೇ ಉಳಿದವು. ಮುಂಬಯಿಗೆ ಬರುವ ದೋಣಿಗಳಿಂದ ಅವರು ಸುಂಕ ಕೀಳುತ್ತಿದ್ದರು. ಇಂದು ಐದು ನಿಮಿಷದಲ್ಲಿ ಮುಗಿಯುವ ಮಾಹಿಮ್‌–ಬಾಂದ್ರಾ ದಾರಿ ಆಗ ಪರದೇಶದ ಪ್ರಯಾಣ.

1739ರಲ್ಲಿ ಮರಾಠಾ ಪೇಶ್ವೆ ಮೊದಲನೆಯ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ವಸಾಯಿ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಆ ಹೋರಾಟದಲ್ಲಿ ಮರಾಠರು ಸುರಂಗ ತೋಡಿ, ಮದ್ದು ತುಂಬಿ, ಸಾಂ ಸೆಬಾಸ್ತಿಯಾಂವ್ ಬುರುಜನ್ನು ಸಿಡಿಸಿದರು. ಎರಡೂ ಕಡೆ ಸಾವುನೋವು ಅಪಾರ. ಮೇ 16ರಂದು ಪೋರ್ಚುಗೀಸರು ಶರಣಾದರು. ಇಗರ್ಜಿಗಳ ಗಂಟೆಗಳು ಘಟ್ಟ ಹತ್ತಿದವು. ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿ, ಭೀಮಾಶಂಕರದಲ್ಲಿ ಅವು ಈಗಲೂ ಇವೆ.

ಇನ್ನು ಎರಡನೆಯ ಗಡಿ. 1774ರ ಕೊನೆಯಲ್ಲಿ ಇಂಗ್ಲಿಷರು ಮರಾಠರ ಕೈಯಲ್ಲಿದ್ದ ಠಾಣೆ ಹಿಡಿದು ಸಾಷ್ಟಿಯನ್ನು ನುಂಗಿದರು, 1780ರಲ್ಲಿ ವಸಾಯಿಯನ್ನೂ ಗೆದ್ದರು. 1782ರ ಸಾಲ್ಬಾಯಿ ಒಪ್ಪಂದದಲ್ಲಿ ವಸಾಯಿ ಮರಾಠರಿಗೆ ಮರಳಿತು, ಸಾಷ್ಟಿ ಮರಳಲಿಲ್ಲ. ಹೀಗೆ ಗಡಿ ಮಾಹಿಮ್ ಬಿಟ್ಟು ವಸಾಯಿ ಖಾಡಿಗೆ ಸರಿಯಿತು. ಈಗಲೂ ಠಾಣೆ ಮತ್ತು ಪಾಲ್ಘರ್ ಜಿಲ್ಲೆಗಳನ್ನು ಇಲ್ಲಿ ಬೇರ್ಪಡಿಸುವುದು ಇದೇ ನೀರು.

ಕೋಟೆ ಸುತ್ತಿ ಹಸಿದವರು ಪೇಟೆಯಲ್ಲಿ ಸುಕೇಳಿ ಕೇಳಿನೋಡಿ. ರಾಜೇಳಿ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿದ್ದು. ಶಿರಸಿ, ಯಲ್ಲಾಪುರದ ಕಡೆಯವರಿಗೆ ನಾನು ರುಚಿ ವಿವರಿಸಬೇಕಿಲ್ಲ.

ಕನ್ನಡಿಗರು ಈ ಊರಿಗೆ ಹೋಗಲು ಇನ್ನೂ ಒಂದು ಕಾರಣವಿದೆ. 1802ರಲ್ಲಿ ಮರಾಠಾ ಸರದಾರ ಯಶವಂತರಾವ್ ಹೋಳ್ಕರನಿಗೆ ಸೋತು ಪುಣೆ ಬಿಟ್ಟೋಡಿದ ಪೇಶ್ವೆ ಎರಡನೆಯ ಬಾಜಿರಾಯ, ಇಂಗ್ಲಿಷರ ಹಡಗಿನಲ್ಲಿ ವಸಾಯಿಗೆ ಬಂದ. ಡಿಸೆಂಬರ್ 31ರಂದು ಕಂಪನಿಯ ಜೊತೆಗಿನ ಒಪ್ಪಂದಕ್ಕೆ ಸಹಿ ಬಿತ್ತು. ಕಂಪನಿಯ ಪಡೆ ಪೇಶ್ವೆಯ ಕಾವಲಿಗೆ, ಅದರ ಖರ್ಚಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ನೆಲ ಕಂಪನಿಗೆ. ಆ ನೆಲದ ಪಟ್ಟಿಯಲ್ಲಿ ನಮ್ಮ ಸವಣೂರು, ಬಂಕಾಪುರದ ತಾಲೂಕುಗಳೂ ಇದ್ದವು! ಮರುವರ್ಷ ಲೆಕ್ಕ ಬದಲಾಯಿತು: ಬುಂದೇಲಖಂಡದ ಸೀಮೆಯನ್ನು ತೆಗೆದುಕೊಂಡು, ಇವನ್ನು ಪೇಶ್ವೆಗೆ ಹಿಂತಿರುಗಿಸಿದರು. ಸವಣೂರಿನ ರೈತನನ್ನು ಯಾರೂ ಕೇಳಿರಲಿಲ್ಲ, ಬುಂದೇಲಖಂಡದವನನ್ನೂ ಅಷ್ಟೇ. ಪೇಶ್ವಾಯಿ ಮುಳುಗಿದ ಮೇಲೆ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೂ ಅಲ್ಲೇ ಉಳಿಯಿತು. ಹಾವೇರಿ, ಧಾರವಾಡ ಕಡೆಯ ಕೇಳುಗರು ಮಕ್ಕಳನ್ನು ಕರೆದುಕೊಂಡು ಹೋದಾಗ ಚಿಮಾಜಿಯ ಕಥೆಯ ಜೊತೆಗೆ ಇದನ್ನೂ ಹೇಳಿ. ಮಳೆಗಾಲ ಮುಗಿದ ಮೇಲೆ ಹೋಗಿ, ನೀರಿನ ಬಾಟಲಿ ಇರಲಿ, ಮರಳುವಾಗ ಸಂಜೆಯ ಜನಜಂಗುಳಿಗೆ ಮೊದಲೇ ಗಾಡಿ ಹಿಡಿಯಿರಿ.